ಎಳೆ ಬಿಟ್ಟ ಜಾಗ

ಕೋಳಿ ಅಂಗಡಿ ಜಬೀವುಲ್ಲಾ ತಂದಿಟ್ಟು ಹೋದ,
ಗುಜರಿಯಲ್ಲಿ ಕೊಂಡ ಗೇಮಿನ ಡಬ್ಬಿ,
ಎರಡು ಮೈಕು, ಒಂದರ ತಲೆ ನಜ್ಜುಗುಜ್ಜು.
ಒಳಗೆ ಡಿಸ್ಕು ಸಿಕ್ಕಾಕ್ಕೊಂಡೈತೆ, ಕ್ರಿಕೆಟ್ ಇರಬಹುದು ನೋಡು ಸಾದಿಕ್,
ಗಂಟೆಗೆ ಇಪ್ಪತ್ತು ರೂಪಾಯಿ,
ಶಿಡ್ಲಘಟ್ಟದ ಹುಡುಗರೆಲ್ಲ ಸಾಲು ನಿಲ್ತಾರೆ, ಅಂದ.

ಕ್ರಿಕೆಟ್ ಅಲ್ಲ.
ಸ್ಕ್ರೂ ಬಿಚ್ಚಿ, ಇರುವೆ ಮೊಟ್ಟೆ ಊದಿ, ಲೆನ್ಸು ಒರೆಸಿ
ಟಿವಿಗೆ ಸಿಕ್ಕಿಸಿದರೆ
ಉದ್ದಗೂದಲಿನ ನಾಲ್ವರು,
ಒಂದೇ ಬ್ಯಾಂಡು, ಇಪ್ಪತ್ತೆರಡು ಹಾಡು.
ನೀನು ಹಾಡು, ನಾನು ಅಂಕ ಕೊಡುತ್ತೇನೆ
ಎನ್ನುತ್ತದೆ ಯಂತ್ರ.

ಇವರು ನನಗೆ ಗೊತ್ತು.
ಐಟಿಐ ಓದುವಾಗ, ಚಿಕ್ಕಬಳ್ಳಾಪುರದ ರೂಮಿನಲ್ಲಿ
ಇವರದೊಂದು ಕ್ಯಾಸೆಟ್ ಇತ್ತು.
ಟೇಪು ಸುತ್ತಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ತಿರುಗಿಸಿದ್ದೇನೆ.
ಮಾತು ಅರ್ಥವಾಗದಿದ್ದರೂ ಸಿಟ್ಟು ಅರ್ಥವಾಗುತ್ತಿತ್ತು.
ಷಟರ್ ಅರ್ಧ ಎಳೆದು ಮೈಕು ಹಿಡಿದೆ.
ನೂರಕ್ಕೆ ಮೂವತ್ತೊಂದು.

ಹಿಂದಿನ ಮನೆಯವರ ಹೆಸರು ಪಟ್ಟಿಯಲ್ಲಿ ಇನ್ನೂ ಇವೆ.
ಡ್ಯಾಡಿ, ತೊಂಬತ್ತೊಂದು.
ಇವಾನ್, ಎಂಬತ್ತೆಂಟು.
ಕಟ್ಟಕಡೆಗೆ ಗ್ರ್ಯಾನಿ, ಆರು.
ಯಾವ ಊರಿನ ಯಾವ ಹಾಲಿನಲ್ಲಿ, ಯಾವ ಭಾನುವಾರ
ಆ ಮುದುಕಿ ಆರು ತೆಗೆದು ನಕ್ಕಳೋ.

ಅಕ್ಕಯ್ಯಮ್ಮ ಬಂದದ್ದು ಫೋನಿಗೆ ಸ್ಪೀಕರ್ ಹಾಕಿಸಲು,
ರೇಷನ್ ಅಂಗಡಿಯಿಂದ ನೇರ, ಖಾಲಿ ಚೀಲ ಮಡಚಿಕೊಂಡು.
ಫಿಲೇಚರಿನಲ್ಲಿ ಏಳನೇ ಬೇಸಿನ್ ಇವಳದು.
ಮೂವತ್ತು ವರ್ಷ ಬಿಸಿನೀರಿನಲ್ಲಿ ಗೂಡಿನ ತುದಿ ಹುಡುಕಿ ಹುಡುಕಿ
ಬೆರಳಿನ ಗೆರೆಗಳು ನೀರಿಗೆ ಹೋಗಿವೆ.
ಹೆಬ್ಬೆಟ್ಟು ಯಂತ್ರ ಈ ತಿಂಗಳೂ
ನೀನು ನೀನಲ್ಲ ಅಂದಿದೆ.
"ಸೆರಗಿಗೆ ಒರೆಸ್ದೆ, ತಲೆಗೆ ಒರೆಸ್ದೆ,
ಅವನ ಅಕ್ಕಿ ಮೂಟೆಗೂ ಒರೆಸ್ದೆ, ಊಹೂಂ."

ಹೇಳುತ್ತಲೇ ಟಿವಿ ನೋಡಿದಳು.
"ಅದೇನಪ್ಪಾ, ಗೆರೆ ಓಡ್ತೈತೆ?"
ಸ್ವರ ಅಮ್ಮಾ ಅದು. ಗೆರೆ ಏರಿದರೆ ಗಂಟಲೂ ಏರಬೇಕು.
ಮಾತು ಬೇಕಿಲ್ಲ, ಇದಕ್ಕೆ ಮಾತು ಕೇಳಿಸಲ್ಲ.
"ಎಳೆ ಅನ್ನು ಮತ್ತೆ," ಅಂದಳು.

ಒಂಬತ್ತನೇ ಹಾಡು, ನಿಧಾನದ್ದು.
ಒಂದು ಸಲ ಸುಮ್ಮನೆ ಕೇಳಿದಳು, ಪರದೆಗೆ ಬೆನ್ನು ಹಾಕಿ.
ಚರಕದ ಸದ್ದು ಕೂದಲಷ್ಟು ಬದಲಾದರೂ
ಎಲ್ಲಿ ತುಂಡಾಯಿತೆಂದು ಕಣ್ಣಿಗಿಂತ ಮುಂಚೆ
ಇವಳ ಕಿವಿಗೆ ಗೊತ್ತಂತೆ.
ಎರಡನೇ ಸಲ ನಜ್ಜಿದ ಮೈಕನ್ನೇ ಎತ್ತಿಕೊಂಡು
ಬಾಯಿ ಮುಚ್ಚಿ, ಊಂ ಎಂದಳು.

ಗೆರೆಯ ಮೇಲೆ ಗೆರೆ ಕೂತಿತು.
ಹಸಿರು, ಹಸಿರು, ಮತ್ತೆ ಹಸಿರು,
ನಾನು ಕಾವಿಗೆ ಇಟ್ಟ ಸಾಲ್ಡರಿಂಗ್ ಕಡ್ಡಿ ಮರೆತೆ.
ಕೊನೆಯ ಚರಣದ ಮೂರನೇ ಸಾಲಿನಲ್ಲಿ ಮಾತ್ರ
ಪರದೆಯ ಗೆರೆ ನೆಟ್ಟಗೆ ಹೋಯಿತು,
ಇವಳದು ಕುಸಿಯಿತು. ಕೆಂಪು.
ತೊಂಬತ್ತು.
ಡ್ಯಾಡಿಗಿಂತ ಒಂದು ಕಡಿಮೆ.

ಇನ್ನೊಂದ್ಸಲ ಹಾಡಮ್ಮಾ, ಅಲ್ಲೊಂದು ಸರಿ ಮಾಡಿದರೆ ನೀನೇ ಮೊದಲು!
"ಸರಿಯಾಗೇ ಹಾಡಿವ್ನಿ. ಅವ್ನು ಅಲ್ಲಿ ಎಳೆ ಬಿಟ್ಟವ್ನೆ.
ಅಳು ನುಂಗ್ದಂಗೆ ಏನೋ.
ನಿನ್ನ ಯಂತ್ರ ಗಂಟು ಹಾಕಿ ಮುಚ್ಚೈತೆ."

ಹೆಸರು ಕೇಳಿತು ಯಂತ್ರ.
ಏನು ಬರೆಯಲಿ ಅಂದೆ.
"ಏಳು ಅಂತ ಹಾಕು."
ಸ್ಪೀಕರಿಗೆ ಎಂಬತ್ತು ಕೊಟ್ಟು, ಹತ್ತು ಬಾಕಿ ಹೇಳಿ ಹೋದಳು.

ರಾತ್ರಿ ಇಯರ್‌ಫೋನ್ ಸಿಕ್ಕಿಸಿ ಕೂತೆ.
ಇಪ್ಪತ್ತೈದು ವರ್ಷ ಕೇಳಿದ ಹಾಡು.
ಕೊನೆಯ ಚರಣ, ಮೂರನೇ ಸಾಲು.
ಇದೆ.
ಅಷ್ಟು ದೊಡ್ಡ ಡ್ರಮ್ಮಿನ ಹಿಂದೆ, ಇಷ್ಟೇ ಇಷ್ಟು,
ಒಬ್ಬ ಮನುಷ್ಯ ತಪ್ಪುತ್ತಾನೆ.

ಜಬೀವುಲ್ಲಾ ಫೋನು: ರೆಡೀನಾ?
ಇಲ್ಲ ಕಣೋ, ಒಂದು ಕಡೆ ಇನ್ನೂ ಎಳೆ ಸಿಕ್ಕಿಲ್ಲ,
ಶನಿವಾರ ಬಾ, ಅಂದೆ.