ದುಪ್ಪಟಿ ಮಡಿಸಲು ಇಬ್ಬರು

ಮಾರ್ಸಾಲಾದ ಉಪ್ಪಿನ ಗದ್ದೆಗಳಾಚೆ
ಮೊಣಕಾಲುದ್ದದ ಹಿನ್ನೀರಿನಲ್ಲಿ
ಗಾಸ್ಪರೆ ಹುಟ್ಟು ಊರಿ ದೋಣಿ ನಿಲ್ಲಿಸಿದ.
ಥರ್ಮಾಮೀಟರು ಎತ್ತಿ ಓದಿದೆ: ಮೂವತ್ತೊಂದು.
"ಇದಕ್ಕೂ ಯಂತ್ರ ಬೇಕೆ? ಕಾಲೇ ಹೇಳುತ್ತಿದೆ."

ನನ್ನ ಕಾಲು ಹೇಳಿದರೆ ತೆಗೆದು ಮೇಲಿಡುತ್ತೇನೆ.
ಈ ಹುಲ್ಲಿಗೆ ಕಾಲೆಂದರೆ ಬೇರು.

ಒಂದು ಕಾಲಕ್ಕೆ ಇದರ ವಂಶ ನೆಲದ ಮೇಲಿತ್ತು,
ಎಲೆ ತುಂಬ ಸಣ್ಣ ಸಣ್ಣ ಬಾಯಿ; ಬೆವರಿ ತಣಿಯುತ್ತಿತ್ತು.
ಕಡಲಿಗಿಳಿದ ಮೇಲೆ ಬಾಯಿ ಯಾತಕ್ಕೆಂದು
ಅದನ್ನು ಕೊರೆಯುವ ಜೀನುಗಳನ್ನೇ ಕಳೆದುಕೊಂಡಿತು,
ದಡ ಸೇರಿದವನು ದೋಣಿ ಒಡೆದು ಸೌದೆ ಮಾಡಿದ ಹಾಗೆ.
ಈಗ ಬೆವರಲು ಬಾರದು.

ಹತ್ತು ಎಲೆ ಕತ್ತರಿಸಿದೆ. ದೋಣಿಯಲ್ಲೇ
ದ್ರವ ಸಾರಜನಕದ ಹೊಗೆಯೊಳಗೆ ಮುಳುಗಿಸಿದೆ.
ಮಾತಾಡುವವರನ್ನು ಅರ್ಧ ಮಾತಿನಲ್ಲೇ ಹಿಡಿಯಬೇಕು;
ತಡವಾದರೆ ಕೇಳುವುದು ಬಿಸಿಯ ಹೆದರಿಕೆಯಲ್ಲ,
ನನ್ನ ಕತ್ತರಿಯ ಹೆದರಿಕೆ.

ರಾತ್ರಿ ಒರಳಿಗೆ ಹಾಕಿ ಅರೆದೆ. ಹಸಿರು ಹಿಟ್ಟು.
ಅದರೊಳಗೆ, ಕೋಶಕೋಶದಿಂದ ಹೊರಟ ಓಲೆಗಳು.
ಬೆಳೆ ಎನ್ನುವ ಓಲೆ ಅಲ್ಲೊಂದು ಇಲ್ಲೊಂದು.
ಬೆಳಕು ಹಿಡಿ ಎನ್ನುವುದು ತೀರ ಕಡಿಮೆ.
ಒಂದೇ ಕೂಗಿಗೆ ಸಾವಿರ ಪ್ರತಿ:
ಬನ್ನಿ, ಹಿಡಿದುಕೊಳ್ಳಿ, ಬಿಚ್ಚಿಹೋಗುತ್ತಿದೆ.

"ಏನು ಬಿಚ್ಚಿಹೋಗುತ್ತದೆ?"
ಗಾಸ್ಪರೆಗೆ ಹೇಳಹೊರಟವಳಿಗೆ ವಿಟುತ್ಸಾ ಅತ್ತೆ ನೆನಪಾದಳು.
ಶಿರೋಕ್ಕೊ ಬೀಸುವ ದಿನ ತಾರಸಿಯ ಮೇಲೆ
ಒಣಗಿದ ದುಪ್ಪಟಿ ಹಿಡಿದು ಕೂಗುವಳು:
"ಬಾರೇ, ಇದು ಒಬ್ಬರ ಕೆಲಸವಲ್ಲ."
ಆಫ್ರಿಕದಿಂದ ಬಂದ ಬಿಸಿಗಾಳಿ ಬಟ್ಟೆ ಕಸಿಯುವುದು,
ಮುದ್ದೆಗಟ್ಟಿಸುವುದು, ಒಂದಕ್ಕೊಂದು ಸುತ್ತುವುದು.
ಎದುರು ನಿಂತು ನಾನು ಎರಡು ಮೂಲೆ ಹಿಡಿದರೆ
ಮಡಿಕೆಯ ಮೇಲೆ ಮಡಿಕೆ,
ದುಪ್ಪಟಿ ಮತ್ತೆ ದುಪ್ಪಟಿ.

ಪ್ರೋಟೀನೂ ಹಾಗೆ. ಮಡಿಕೆಯಲ್ಲೇ ಅದರ ಕಸುಬು.
ಬಿಸಿಗೆ ಸಡಿಲಿ, ಪಕ್ಕದ್ದಕ್ಕೆ ಅಂಟಿ,
ತಣ್ಣಗಾದರೂ ಬಿಡದ ಗಂಟು, ಬೆಂದ ಮೊಟ್ಟೆಯ ಬಿಳಿ.
ಆಗ ಬರುತ್ತವೆ ಎದುರು ನಿಲ್ಲುವ ಪ್ರೋಟೀನುಗಳು.
ಸ್ವಂತಕ್ಕೆ ಏನನ್ನೂ ಕಟ್ಟುವವಲ್ಲ;
ಮೂಲೆ ಹಿಡಿಯುತ್ತವೆ, ಮಡಿಕೆ ಕೂತಾಗ ಬಿಡುತ್ತವೆ.

ಪುಕ್ಕಟೆಯಲ್ಲ. ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ಕೂಲಿ.
ಕೂಲಿ ಬರುವುದು ಮರಳಿನಡಿಯ ಕಾಂಡದಿಂದ,
ಚಳಿಗಾಲಕ್ಕೆಂದು ಕೂಡಿಟ್ಟ ಪಿಷ್ಟದಿಂದ.
"ಎಷ್ಟು ದಿನ ತಡೆದೀತು?"
ಉಪ್ಪು ಬಾಚುವಾಗ ಬಿಸಿಲು ಬಡಿದು ಬಿದ್ದ ತಮ್ಮನನ್ನು
ಹೆಗಲ ಮೇಲೆ ಹೊತ್ತು ತಂದವನ ಪ್ರಶ್ನೆ.
ನನ್ನ ಪಟ್ಟಿಯಲ್ಲಿ ಇಪ್ಪತ್ತೆರಡನೇ ದಿನದ ಸಾಲು ಖಾಲಿ;
ಅವತ್ತು ಪಂಪು ಕೆಟ್ಟಿತ್ತು.
ಗೊತ್ತಿಲ್ಲ ಅಂದೆ.

ಗೊತ್ತಿರುವುದಿಷ್ಟು: ಹೋದ ಬೇಸಿಗೆ
ತೊಟ್ಟಿಯಲ್ಲಿ ಒಮ್ಮೆ ಕಾದು ಉಳಿದ ಹುಲ್ಲು
ಈ ಸಲ ಬೇಗ ಕೂಗಿತು, ಬೇಗ ಸುಮ್ಮನಾಯಿತು.
ಡಿಎನ್ಎಯ ಅಕ್ಷರ ಒಂದೂ ಬದಲಾಗಿಲ್ಲ.
ಕೆಲವು ಅಕ್ಷರಗಳ ನೆತ್ತಿಗೆ ಚುಕ್ಕೆ ಇಟ್ಟುಕೊಂಡಿದೆ,
ಉದ್ದರಿ ಪುಸ್ತಕದಲ್ಲಿ ಅಂಗಡಿಯವನು
ಪೆನ್ಸಿಲಿನಲ್ಲಿ ಗುರುತು ಹಾಕಿದ ಹಾಗೆ:
ಇವನು ಮತ್ತೆ ಬರುತ್ತಾನೆ.
ದ್ವೀಪದಾಚೆ ಇಪ್ಪತ್ತೈದು ಮೀಟರು ಆಳದಿಂದ ತಂದ ಹುಲ್ಲಿಗೆ
ಆ ಗಿರಾಕಿಯ ಪರಿಚಯವಿರಲಿಲ್ಲ. ಎಂಟೇ ದಿನಕ್ಕೆ ಕಂದಾಯಿತು.

ಈಗ ದುಪ್ಪಟಿಯನ್ನು ಗದ್ದದಡಿ ಒತ್ತಿ
ಒಬ್ಬಳೇ ಮಡಿಸುತ್ತೇನೆ.
ಮೂಲೆಗಳು ಸೇರುವುದಿಲ್ಲ.

ಅಕ್ಟೋಬರಿನಲ್ಲಿ ಗಾಸ್ಪರೆ ಫೋನು ಮಾಡಿದ. ಹೂ.
ಆರು ವರ್ಷದಿಂದ ಕಾಣದ, ಹಸಿರೇ ಬಣ್ಣದ,
ಹೂವೆನ್ನಲು ನಾಚಿಕೆಪಡುವ ಹೂ.
"ಒಳ್ಳೆಯದೋ, ಕೆಟ್ಟದ್ದೋ?"
ಸುಖಕ್ಕೂ ಬಿಡುತ್ತದೆ ಹೂ, ಸಂಕಟಕ್ಕೂ.
ಒರಳಿಗೆ ಬೀಳುವ ತನಕ ನನಗೂ ಗೊತ್ತಾಗದು.

ಅವನ ಅಂಗೈಯಲ್ಲಿ ಎರಡಿದ್ದವು.
ಒಂದನ್ನು ಹೊಗೆಯೊಳಗೆ ಮುಳುಗಿಸಿದೆ.
ಇನ್ನೊಂದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು
ಅವನು ಹುಟ್ಟು ಹಾಕತೊಡಗಿದ.
ನೀರು ಇನ್ನೂ ಇಪ್ಪತ್ತಾರು.