ಮೂರನೆಯ ಪ್ರಶ್ನೆ

ಹದಿನೇಳು ಉತ್ತರಪತ್ರಿಕೆ ನನ್ನ ಮುಂದೆ.
ಹದಿನಾರು ಚೊಕ್ಕಟ. ಒಂದಕ್ಕೆ ಕೆಸರು.
ಬಾಗಿಲಿಲ್ಲದ ಶಾಲೆ, ಸೋಲಾರ್ ದೀಪ ಮಂಕು;
ಹಲ್ಲಿಯೊಂದೇ ಎಚ್ಚರವಿದ್ದು, ಲೊಚಗುಟ್ಟಿ
ಯಾವುದಕ್ಕೋ ಹೌದೆನ್ನುತ್ತಿದೆ.

ವರ್ಷಕ್ಕೆರಡು ಸಲ ಬರುತ್ತೇನೆ ಈ ತಗ್ಗಿಗೆ,
ಜೊಂಬಾ ಬೆಟ್ಟದ ತಂಪು ಬಿಟ್ಟು,
ಬ್ಲಾಂಟೈರಿನಲ್ಲಿ ಬಸ್ಸು ಬದಲಿಸಿ, ಶಿರೆ ನದಿಯ ದಡದಲ್ಲಿ
ದೋಣಿಯವನೊಂದಿಗೆ ಚೌಕಾಸಿಗೆ ನಿಂತು:
ನನಗೊಂದು ದರ, ಟ್ರಂಕಿಗೆ ಅದರ ಎರಡರಷ್ಟು.
"ಏನಿದೆ ತಾಯಿ ಇದರಲ್ಲಿ, ಕಲ್ಲೇ?"
"ದೇವರ ವಿಷಯ" ಅಂದಿದ್ದೆ ಮೊದಲ ವರ್ಷ.
"ಹಾಗಾದರೆ ನಡುವಿಗಿಡಿ. ಅಂಚಿಗಿಟ್ಟರೆ ದೋಣಿ ವಾಲುತ್ತೆ."
ಇಷ್ಟು ಚಿಕ್ಕ ಉಪನ್ಯಾಸ
ನಾನು ಓದಿದ ಆ ಹಿಮದೂರಿನಲ್ಲೂ ಕೇಳಿರಲಿಲ್ಲ.

ಅಲ್ಲಿ ಒಂದೇ ಒಂದು ಪದದ ಮೇಲೆ
ಒಂದು ಕಪಾಟಿನ ತುಂಬ ಪುಸ್ತಕ.
ಇಲ್ಲಿ ಹದಿನೇಳು ಪಾಸ್ಟರುಗಳಿಗೆ ನಾಲ್ಕು ಪ್ರತಿ,
ಒಂದರ ಕೊನೆಯ ಅಧ್ಯಾಯ ಗೆದ್ದಲಿಗೆ.
"ಅಂತ್ಯಕಾಲದ ಪಾಠ. ನಮಗಿಂತ ಮೊದಲೇ ಓದಿ ಮುಗಿಸಿದೆ ನೋಡಿ"
ಅಂದವನು ಬಿಲಿಯಾಟಿ ಸೆಂಬಾ.

ಬಿಲಿಯಾಟಿಗೆ ಒಂಬತ್ತು ಸಭೆ, ಒಂದು ಸೈಕಲ್ಲು.
ಹಿಂದಿನ ಟಯರಿಗೆ ಟ್ಯೂಬಿಲ್ಲ, ಹುಲ್ಲು ತುರುಕಿದ್ದಾನೆ.
ಇಪ್ಪತ್ತೆರಡು ವರ್ಷ ಪಾಠವಿಲ್ಲದೆ ಪಾಠ ಹೇಳಿದವನು.
"ಹೇಗೆ?" ಎಂದೆ.
"ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳಿದೆ,
ಗೊತ್ತಿದ್ದದ್ದನ್ನು ಮೆಲ್ಲಗೆ."
ತರಗತಿ ನಕ್ಕಿತು. ಅವನು ನಗಲಿಲ್ಲ.

ಹಲಗೆಯ ಮೇಲಿನ ಗ್ರೀಕ್ ಅಕ್ಷರವನ್ನು
ತೊಡೆಯ ಮೇಲೆ ಬೆರಳಲ್ಲಿ ತಿದ್ದುತ್ತಿದ್ದ:
ಆಲ್ಫಾ ಮೀನು, ಗಾಮಾ ಕವೆಗೋಲು,
ಪ್ಸೈ ಮೀನು ಚುಚ್ಚುವ ಈಟಿ.
ಕೇಳುವುದು ಮಾತ್ರ ಪಠ್ಯದಲ್ಲಿಲ್ಲದ್ದನ್ನೇ.
ಮೊಸಳೆ ಒಯ್ದವನಿಗೆ ದೇಹವಿಲ್ಲ; ಗುಂಡಿ ತೋಡಬೇಕೆ?
ಜೋಳ ಮುಗಿದ ತಿಂಗಳು, ನೈದಿಲೆಯ ಗೆಡ್ಡೆ ಕೀಳಲು
ನೀರಿಗಿಳಿದಿದ್ದ ಅವನು.
ನಾನು ಟಿಪ್ಪಣಿಯ ಹಾಳೆ ತಿರುವಿದೆ.
ತಿರುವುತ್ತಲೇ ಇದ್ದೆ.

ಇವತ್ತು ಪರೀಕ್ಷೆ. ಮೂರನೆಯ ಪ್ರಶ್ನೆಗೆ ಇಪ್ಪತ್ತೈದು ಅಂಕ:
ಪುನರುತ್ಥಾನದ ಅರ್ಥವನ್ನು ಉದಾಹರಣೆ ಸಹಿತ ವಿವರಿಸಿ.
ಹದಿನಾರು ಮಂದಿ ವಿವರಿಸಿದ್ದಾರೆ. ನನ್ನ ಮಾತೇ
ನನಗೆ ವಾಪಸು, ನನ್ನ ಕೆಮ್ಮೊಂದು ಬಿಟ್ಟು.
ಬಿಲಿಯಾಟಿಯ ಹಾಳೆಯಲ್ಲಿ ಅರ್ಧ ಸಾಲು:
"ಇದರ ಅರ್ಥವೇನೆಂದರೆ, ಸತ್ತವರು"
ಪೆನ್ನು ಅಲ್ಲಿಗೆ ನಿಂತಿದೆ.
ಕೆಳಗೆ, ಓರೆಯಾಗಿ:
"ಕ್ಷಮಿಸಿ. ಎನಿಫಾಳ ಮಗು ಹೋಯಿತಂತೆ. ಹೊರಟೆ."

ಕಿಟಕಿಯಿಂದ ನಾನೂ ನೋಡಿದ್ದೆ,
ಹುಲ್ಲಿನ ಚಕ್ರ ಕುಂಟುತ್ತ ಹತ್ತಿಹೊಲ ದಾಟಿದ್ದನ್ನು.
ಹೊತ್ತು ಮುಳುಗಿದ ಮೇಲೆ ಬಂದ, ಮೊಣಕಾಲ ತನಕ ಮಣ್ಣು.
ಹಾಳೆ ಕೇಳಿ ಈಸಿಕೊಂಡ, ಮುಗಿಸಿಕೊಡುತ್ತೇನೆಂದು.
ಸಮಯ ಮುಗಿದಿದೆ ಎಂದೆ. ನಿಯಮ ಎಲ್ಲರಿಗೂ ಒಂದೇ ಎಂದೆ.
(ಯಾವ ಎಲ್ಲರಿಗೆ?)
"ಸರಿ ತಾಯಿ" ಎಂದು ಎರಡೂ ಕೈಯಲ್ಲಿ ಹಿಂದೆ ಕೊಟ್ಟ.
ಅಂಚಿಗೆ ಎರಡು ಹೆಬ್ಬೆಟ್ಟು, ಕೆಂಚು ಬಣ್ಣ.

"ಏನು ಹೇಳಿದಿರಿ ಅವಳಿಗೆ?"
"ಏನೂ ಇಲ್ಲ. ಚಿಕ್ಕ ಗುಂಡಿ, ಒಬ್ಬನೇ ತೋಡಿದೆ.
ಮೊದಲಾಗಿದ್ದರೆ ಗಟ್ಟಿಯಾಗಿ ಏನಾದರೂ ಹೇಳುತ್ತಿದ್ದೆ.
ಅವಳೇ ಕೇಳಿದಳು,
ನೀವು ಹೋಗುವ ಶಾಲೆಯಲ್ಲಿ ಇದಕ್ಕೆ ಏನನ್ನುತ್ತಾರೆ ಅಂತ.
ತಿಳಿದುಕೊಂಡು ಬರುತ್ತೇನೆ ಅಂದೆ. ನಾಳೆ."

ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಎಷ್ಟೋ ಹೊತ್ತಾಯಿತು.
ಇಪ್ಪತ್ತೈದರ ಎದುರಿನ ಚೌಕ ಹಾಗೇ ಖಾಲಿ.
ಅಲ್ಪವಿರಾಮದ ಆಚೆಗೆ ಆ ಒಂದು ಪದ,
ಕ್ರಿಯಾಪದಕ್ಕೆ ಕಾಯುತ್ತ.

ಬೆಳಗಿನ ತರಗತಿ ಇಲ್ಲವೆಂದು ಹೇಳಿಕಳಿಸಿದ್ದೇನೆ.
ಟ್ರಂಕು ಇಲ್ಲೇ ಇರಲಿ.
ಎನಿಫಾಳ ಮನೆಗೆ ಎರಡು ಗಂಟೆಯ ದಾರಿಯಂತೆ,
ಕ್ಯಾರಿಯರಿನ ಮೇಲೆ ಕೂರಬಹುದಂತೆ.
ಹುಲ್ಲು ಇಬ್ಬರ ಭಾರ ತಡೆದೀತೆ,
ಕೇಳಲಿಲ್ಲ.