ಸಲಾಕೆ

ವುರ್ಟ್ಸ್‌ಬುರ್ಗಿನ ನಾಲ್ಕನೇ ಮಹಡಿಯಲ್ಲಿ
ವಾಲ್ಬುರ್ಗಾಳ ವಾಷಿಂಗ್ ಮಷೀನು
ನಿನ್ನೆ ನಡುಸುತ್ತಿನಲ್ಲೇ ನಿಂತಿತು,
ಹೊಟ್ಟೆಯಲ್ಲಿ ಆರು ಟವೆಲು, ತಣ್ಣೀರು.

ಓಟ್ಟೊಕಾರ್ ಮಂಡಿಯೂರಿ
ಕಾಯಿಸುವ ಸಲಾಕೆ ಹೊರಗೆಳೆದ:
ಕಿರುಬೆರಳಿನಷ್ಟಿದ್ದದ್ದು ಮಣಿಕಟ್ಟಿನಷ್ಟಾಗಿದೆ,
ಬೆಳ್ಳಗೆ, ಒರಟು.
ಸ್ಕ್ರೂಡ್ರೈವರಿನಿಂದ ತಟ್ಟಿದರೆ
ಚಕ್ಕೆ ಎದ್ದು ನೆಲವೆಲ್ಲ ಮೊಟ್ಟೆಸಿಪ್ಪೆ.

"ನಮ್ಮ ಗುಡ್ಡವೆಲ್ಲ ಸತ್ತ ಚಿಪ್ಪು, ಅಮ್ಮಾ.
ಮಳೆ ಕರಗಿಸಿ ನಲ್ಲಿಗೆ ತರುತ್ತೆ,
ನೀವು ಅರವತ್ತು ಡಿಗ್ರಿಗೆ ಇಡ್ತೀರಿ,
ಸಮುದ್ರ ಮತ್ತೆ ಕಲ್ಲಾಗುತ್ತೆ."

"ಹನ್ನೊಂದು ವರ್ಷ ವಿನೆಗರ್ ಹಾಕಿದೆನಲ್ಲ?"
"ಕೆಟಲಿಗೆ ಹಾಕಿದಿರಿ."

ಹೌದು, ಕೆಟಲು ಕನ್ನಡಿಯಂತಿತ್ತು.

ಹೊಸದು ಕೂತಿತು, ನೂರ ಹತ್ತು ಯೂರೋ.
ಹಳೆಯದನ್ನು ಅವಳು ಎಸೆಯಗೊಡಲಿಲ್ಲ;
ಕಿಟಕಿಯಲ್ಲಿ, ಜೆರೇನಿಯಂ ಪಕ್ಕ ಇಟ್ಟಳು.
ಅವನು ಮೆಟ್ಟಿಲಿಳಿದ ಮೇಲೆ
ಒಂದು ಚೂರು ನಾಲಗೆಗೆ ಮುಟ್ಟಿಸಿದಳು.
ಉಪ್ಪೇ ಇಲ್ಲ.